ಕಣ್ಣು ಕಾಣದ ಪ್ರೋಗ್ರಾಮರ್‌ಗಳಿಗೆ ಸಾಫ್ಟ್‌ವೇರ್ ಮಾಡ್ತಿದ್ದೀರಾ? ಯಾವ ಸ್ಕ್ರೀನ್ ರೀಡರ್‌ಗೆ ಹೊಂದಿಸಬೇಕು ಅಂತ ಹೀಗೆ ತೀರ್ಮಾನಿಸಿ

ಸ್ಕ್ರೀನ್ ರೀಡರ್ ಅಂದರೆ ಪರದೆಯಲ್ಲಿ ಇರುವುದನ್ನು ಮಾತಿನಲ್ಲಿ ಹೇಳುವ ಸಾಫ್ಟ್‌ವೇರ್. ಎನ್‌ವಿಡಿಎ, ಜಾಸ್, ನರೇಟರ್, ಓರ್ಕಾ, ವಾಯ್ಸ್‌ಓವರ್ ಇವೆಲ್ಲ ಅಂಥವೇ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸಾಫ್ಟ್‌ವೇರ್ ವಿಂಡೋಸ್ ಮೇಲೆ ಓಡುವುದಾದರೆ ಎನ್‌ವಿಡಿಎ ಮೊದಲು. ಅದರಲ್ಲಿ ಎಲ್ಲ ಕೆಲಸ ಕೀಬೋರ್ಡ್‌ನಿಂದಲೇ ಮುಗಿಯುತ್ತದೆ ಅಂತ ಖಾತ್ರಿಯಾದ ಮೇಲೆ ಜಾಸ್. ನರೇಟರ್ ಮೇಲೆ ಒಂದು ಸುತ್ತು. ಲಿನಕ್ಸ್ ಆವೃತ್ತಿ ಇದ್ದರೆ ಓರ್ಕಾ, ಮ್ಯಾಕ್ ಆವೃತ್ತಿ ಇದ್ದರೆ ವಾಯ್ಸ್‌ಓವರ್, ಇಲ್ಲದಿದ್ದರೆ ಅವೆರಡರ ಗೊಡವೆ ಬೇಡ.

ಅವಸರ ಇದ್ದವರಿಗೆ ಇಷ್ಟು ಸಾಕು. ಆದರೆ ಪಟ್ಟಿ ಕೈಯಲ್ಲಿ ಇಟ್ಟುಕೊಂಡು ಮುಂದೇನು ಮಾಡಬೇಕು ಅನ್ನುವಲ್ಲೇ ಜಾಸ್ತಿ ಜನ ಎಡವುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಮೂರ್ನಾಲ್ಕು ಜನ ಸೇರಿ ಲ್ಯಾಬ್ ಪರೀಕ್ಷೆಯ ಸಾಫ್ಟ್‌ವೇರ್, ಎಡಿಟರ್ ಪ್ಲಗಿನ್, ಕೋಡಿಂಗ್ ಕಲಿಸುವ ಆ್ಯಪ್ ಮಾಡುವ ತಂಡಗಳಿವೆಯಲ್ಲ, ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ದೊಡ್ಡ ಕಂಪನಿಗಳ ಹತ್ತಿರ ಇದಕ್ಕೇ ಅಂತ ಬೇರೆ ವಿಭಾಗ ಇರುತ್ತದೆ. ನಮ್ಮ ಹತ್ತಿರ ಅದು ಇಲ್ಲ, ಹಾಗಾಗಿ ಇರುವ ಸಮಯವನ್ನು ಎಲ್ಲಿ ಹಾಕಬೇಕು ಅನ್ನುವುದೇ ಮುಖ್ಯ.

ಹಂತ 1: ಸಮೀಕ್ಷೆ ನೋಡಿ, ಆದರೆ ನಂಬಿ ಕೂರಬೇಡಿ

ಸ್ಕ್ರೀನ್ ರೀಡರ್ ಬಳಕೆ ಬಗ್ಗೆ ಎಲ್ಲರೂ ಮುಂದಿಡುವ ಲೆಕ್ಕ, ವೆಬ್ ಅಂಗವಿಕಲರಿಗೂ ಬಳಸಲು ಬರಬೇಕು ಅಂತ ಕೆಲಸ ಮಾಡುವ ಅಮೆರಿಕದ ವೆಬ್‌ಏಮ್ ಸಂಸ್ಥೆಯದು. 2023ರ ಡಿಸೆಂಬರ್‌ನಿಂದ 2024ರ ಜನವರಿವರೆಗೆ ನಡೆದ ಸಮೀಕ್ಷೆಯಲ್ಲಿ, ನಿಮ್ಮ ಮುಖ್ಯ ಸ್ಕ್ರೀನ್ ರೀಡರ್ ಯಾವುದು ಅಂತ ಕೇಳಿದಾಗ ಜಾಸ್‌ಗೆ 40.5%, ಎನ್‌ವಿಡಿಎಗೆ 37.7% ಬಂತು. ಸಾಮಾನ್ಯವಾಗಿ ಯಾವ ಯಾವುದನ್ನು ಬಳಸುತ್ತೀರಿ ಅಂತ ಕೇಳಿದಾಗ ಲೆಕ್ಕ ತಿರುಗಿತು: ಎನ್‌ವಿಡಿಎ 65.6%, ಜಾಸ್ 60.5%. ಅದೇ ಜನ, ಅದೇ ಸಮೀಕ್ಷೆ, ಪ್ರಶ್ನೆ ಬದಲಾದರೆ ಗೆದ್ದವರೂ ಬದಲು. ಅದೂ ಅಲ್ಲದೆ ಉತ್ತರ ಕೊಟ್ಟವರಲ್ಲಿ ಉತ್ತರ ಅಮೆರಿಕದವರೇ ಜಾಸ್ತಿ, ಮತ್ತು ಅದು ವೆಬ್ ನೋಡುವವರ ಸಮೀಕ್ಷೆ, ಕೋಡ್ ಬರೆಯುವವರದಲ್ಲ.

ಆ ಲೆಕ್ಕದಿಂದ ನಮಗೆ ಉಪಯೋಗಕ್ಕೆ ಬರುವ ಮಾತು ಒಂದೇ. ಜನ ಒಂದಕ್ಕಿಂತ ಹೆಚ್ಚು ರೀಡರ್ ಇಟ್ಟುಕೊಂಡಿರುತ್ತಾರೆ. ಒಂದರಲ್ಲಿ ಕೈಕೊಟ್ಟರೆ ಇನ್ನೊಂದನ್ನು ಚಾಲೂ ಮಾಡುತ್ತಾರೆ.

ನಮ್ಮ ಕಡೆ ತೀರ್ಮಾನ ಮಾಡುವುದು ದುಡ್ಡು. ಎನ್‌ವಿಡಿಎ ಪುಕ್ಕಟೆ, ಜಾಸ್‌ಗೆ ಲೈಸೆನ್ಸ್ ಕೊಳ್ಳಬೇಕು, ಅದೂ ಒಬ್ಬ ವಿದ್ಯಾರ್ಥಿ ಜೇಬಿನಿಂದ ತೆಗೆದು ಕೊಡುವಂಥ ಮೊತ್ತವಲ್ಲ. ಜೇವರ್ಗಿ ಅಥವಾ ಔರಾದ್ ತಾಲೂಕಿನಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಹುಡುಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಏನಿರುತ್ತದೆ ಅಂತ ಊಹಿಸಲು ಸಮೀಕ್ಷೆ ಬೇಕಾಗಿಲ್ಲ ಅಲ್ವಾ? ಜಾಸ್ ಸಿಗುವುದು ಹೆಚ್ಚಾಗಿ ಬ್ಯಾಂಕು, ಸರ್ಕಾರಿ ಕಚೇರಿ ಅಥವಾ ದೊಡ್ಡ ಐಟಿ ಕಂಪನಿ ತನ್ನ ನೌಕರರಿಗೆ ಕೊಡಿಸಿದ ಕಡೆ. ಹಾಗಾಗಿ ನಿಮ್ಮ ಬಳಕೆದಾರರು ಕಲಿಯುವವರೋ ಕೆಲಸದಲ್ಲಿರುವವರೋ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಅವರನ್ನೇ ಕೇಳಿ: ಯಾವ ರೀಡರ್, ಅದರ ಯಾವ ಆವೃತ್ತಿ, ಯಾವ ವಿಂಡೋಸ್, ಬ್ರೈಲ್ ಡಿಸ್‌ಪ್ಲೇ (ಪರದೆಯ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಓದುವ ಸಾಧನ) ಇದೆಯಾ.

ವಿಂಡೋಸ್ ಯಾವುದು ಅನ್ನುವ ಪ್ರಶ್ನೆಯನ್ನು ಬಿಡಬೇಡಿ. ಹಳೆಯ ಲ್ಯಾಬ್‌ಗಳಲ್ಲಿ ಇನ್ನೂ ವಿಂಡೋಸ್ 7 ಇರುವ ಯಂತ್ರಗಳು ಸಿಗುತ್ತವೆ. ವಿಂಡೋಸ್ 7ಕ್ಕೆ ಎನ್‌ವಿಡಿಎ ಬೆಂಬಲ 2023.3 ಸರಣಿಗೇ ಮುಗಿಯಿತು. 2024.1ರಿಂದ ಮುಂದಿನವು ಅದರಲ್ಲಿ ಓಡುವುದೇ ಇಲ್ಲ. ನೀವು ನಿಮ್ಮ ಹೊಸ ಯಂತ್ರದಲ್ಲಿ ಪರೀಕ್ಷಿಸಿ ಎಲ್ಲ ಸರಿ ಇದೆ ಅಂದರೆ, ಅಲ್ಲಿ ಕೂತವರಿಗೆ ಅದು ಅನ್ವಯಿಸುವುದಿಲ್ಲ.

ಹಂತ 2: ಒಂದೊಂದರ ಗುಣ ತಿಳಿದುಕೊಳ್ಳಿ

ಎನ್‌ವಿಡಿಎಯನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದರು, ಜೇಮ್ಸ್ ಟೆಹ್ ಬಂದು ಸೇರಿದರು. ಇಬ್ಬರೂ ಅಂಧ ಪ್ರೋಗ್ರಾಮರ್‌ಗಳೇ. ಇದರ ಬಹುಪಾಲು ಪೈಥಾನ್‌ನಲ್ಲಿದೆ, ಸೋರ್ಸ್ ಎಲ್ಲರಿಗೂ ತೆರೆದಿದೆ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಇನ್‌ಸ್ಟಾಲ್ ಮಾಡದೆಯೇ ಓಡಿಸಬಹುದು, ಲ್ಯಾಬ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೊಡದ ಕಡೆ ಇದು ದೊಡ್ಡ ಅನುಕೂಲ. ಪರೀಕ್ಷೆ ಮಾಡುವವರಿಗೆ ಇನ್ನೊಂದು ಲಾಭ ಇದೆ. ಬಟನ್‌ಗೆ ಲೇಬಲ್ ಇಲ್ಲದಿದ್ದರೆ ಜಾಸ್ ಸುತ್ತಮುತ್ತಲ ಅಕ್ಷರ ನೋಡಿ ಊಹಿಸಲು ಪ್ರಯತ್ನಿಸುತ್ತದೆ, ಎನ್‌ವಿಡಿಎ ಅಷ್ಟು ಊಹೆಗೆ ಹೋಗುವುದಿಲ್ಲ. ನೀವು ಕೊಟ್ಟಿದ್ದನ್ನೇ ಹೇಳುತ್ತದೆ. ಏನೂ ಕೊಡದಿದ್ದರೆ "ಬಟನ್" ಅಂದು ಸುಮ್ಮನಾಗುತ್ತದೆ. ನಮ್ಮ ಕಡೆಯ ಹುಡುಗನೊಬ್ಬ ಒಂದು ಕೋಡಿಂಗ್ ಆ್ಯಪಿನ ಟೂಲ್‌ಬಾರ್ ಮೇಲೆ ಟ್ಯಾಬ್ ಒತ್ತುತ್ತಾ ಹೋಗಿ, "ಸರ್ರ, ಇದು ಬರೀ ಬಟನ್ ಬಟನ್ ಅಂತದ ರೀ, ಯಾವ ಬಟನ್ ಅಂತ ಹೇಳವಲ್ದು" ಅಂದಿದ್ದ. ದೋಷ ಬೇಗ ಹೊರಬೀಳುವುದು ಎನ್‌ವಿಡಿಎಯಲ್ಲಿ, ಅದಕ್ಕೇ ಅದು ಮೊದಲು.

ಜಾಸ್ ಹಳೆಯ ಹುಲಿ. 1989ರಲ್ಲಿ ಡಾಸ್ ಕಾಲದಲ್ಲೇ ಬಂದದ್ದು. ಮಾಡಿದವರು ಟೆಡ್ ಹೆಂಟರ್, ಮೊದಲು ಮೋಟರ್‌ಸೈಕಲ್ ರೇಸ್ ಓಡಿಸುತ್ತಿದ್ದವರು, 1978ರಲ್ಲಿ ಕಾರ್ ಅಪಘಾತದಲ್ಲಿ ಕಣ್ಣು ಕಳೆದುಕೊಂಡರು. ಈಗ ಅದು ವಿಸ್ಪೆರೋ ಕಂಪನಿಯ ಕೈಯಲ್ಲಿದೆ. ಅದರ ಸ್ಕ್ರಿಪ್ಟ್ ಬರೆದು ಒಂದು ಸಾಫ್ಟ್‌ವೇರ್‌ಗೆ ತಕ್ಕಂತೆ ಬಗ್ಗಿಸಬಹುದು, ಅದಕ್ಕೇ ಕಚೇರಿಗಳಲ್ಲಿ ಇನ್ನೂ ಗಟ್ಟಿಯಾಗಿ ಕೂತಿದೆ. ಲೈಸೆನ್ಸ್ ಇಲ್ಲದೆ 40 ನಿಮಿಷ ಓಡುತ್ತದೆ, ಆಮೇಲೆ ಮತ್ತೆ ಬೇಕೆಂದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು. ಇದನ್ನೇ ನೆಚ್ಚಿಕೊಂಡು ಟೆಸ್ಟಿಂಗ್ ಮಾಡುವವರು ಬಹಳ ಜನ. ಹಾಗೆ ಮಾಡುವ ಮುಂಚೆ ಲೈಸೆನ್ಸ್ ಷರತ್ತು ಪೂರ್ತಿ ಓದಿ. ಜಾಸ್ ಇರುವ ಬಳಕೆದಾರರೊಬ್ಬರನ್ನು ಕರೆದು, ಅವರ ಯಂತ್ರದಲ್ಲಿ ಅವರ ಕೈಯಿಂದಲೇ ಪರೀಕ್ಷಿಸುವುದು ಎಲ್ಲಕ್ಕಿಂತ ಒಳ್ಳೆಯದು.

ನರೇಟರ್ ವಿಂಡೋಸ್ ಜೊತೆಗೇ ಬರುತ್ತದೆ. ಕಂಟ್ರೋಲ್, ವಿಂಡೋಸ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಮಾತು ಶುರು. ದಿನವಿಡೀ ಇದರಲ್ಲೇ ಕೋಡ್ ಬರೆಯುವವರು ಕಡಿಮೆ. ಆದರೆ ಹೊಸ ಯಂತ್ರದಲ್ಲಿ ಎನ್‌ವಿಡಿಎ ಇನ್ನೂ ಹಾಕಿರದಾಗ ನಿಮ್ಮ ಇನ್‌ಸ್ಟಾಲರ್ ಓಡಿಸುವುದು ಇದರ ಸಹಾಯದಿಂದಲೇ. ಹಾಗಾಗಿ ಇನ್‌ಸ್ಟಾಲರ್ ಮತ್ತು ಲಾಗಿನ್ ಪುಟವನ್ನು ಇದರಲ್ಲಿ ನೋಡಿದರೆ ಸಾಕು.

ಓರ್ಕಾ ಲಿನಕ್ಸಿನದು. ಉಬುಂಟುವಿನಲ್ಲಿ ಸೂಪರ್, ಆಲ್ಟ್, ಎಸ್ ಒತ್ತಿದರೆ ಏಳುತ್ತದೆ. ನಿಮ್ಮ ಕಾಲೇಜು ಲ್ಯಾಬ್ ಉಬುಂಟುವಿನದಾದರೆ ಇದು ಪಟ್ಟಿಯಲ್ಲಿ ಮೇಲಕ್ಕೆ ಬರಬೇಕು. ವಾಯ್ಸ್‌ಓವರ್ 2005ರಿಂದ ಮ್ಯಾಕ್‌ನಲ್ಲಿದೆ, ಕಮಾಂಡ್ ಜೊತೆ ಎಫ್5. ಮ್ಯಾಕ್ ಇಟ್ಟುಕೊಂಡವರು ನಮ್ಮ ಊರಲ್ಲಿ ಎಷ್ಟು ಜನ ಅಂತ ನಿಮಗೇ ಗೊತ್ತು.

ಇನ್ನೊಂದು ಹೆಸರು ಕಿವಿಗೆ ಬಿದ್ದಿರಬಹುದು, ಈಮ್ಯಾಕ್‌ಸ್ಪೀಕ್. ಪುಣೆಯಲ್ಲಿ ಹುಟ್ಟಿದ ಟಿ. ವಿ. ರಾಮನ್ ಅವರು ತಮಗಾಗಿಯೇ ಬರೆದುಕೊಂಡು 1995ರಲ್ಲಿ ಹೊರಬಿಟ್ಟದ್ದು. ಅದು ಪರದೆ ಓದುವುದಿಲ್ಲ, ಈಮ್ಯಾಕ್ಸ್ ಎಡಿಟರೇ ಮಾತಾಡುವಂತೆ ಮಾಡುತ್ತದೆ. ಅದಕ್ಕೆ ನೀವು ಬೇರೆ ಏನೂ ಮಾಡಬೇಕಾಗಿಲ್ಲ. ನಿಮ್ಮ ಟೂಲ್ ಕಮಾಂಡ್ ಲೈನ್‌ನಿಂದ ಚೊಕ್ಕವಾಗಿ ಓಡಿದರೆ ಅವರು ಹೇಗೋ ಬಳಸಿಕೊಳ್ಳುತ್ತಾರೆ, ಅವರು ನಮಗಿಂತ ಜಾಣರು.

ಹಂತ 3: ರೀಡರ್‌ಗೆ ಅಲ್ಲ, ನಡುವಿನ ಪದರಕ್ಕೆ ಹೊಂದಿಸಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ. ಸ್ಕ್ರೀನ್ ರೀಡರ್ ನಿಮ್ಮ ಪರದೆಯನ್ನು ಫೋಟೋದಂತೆ ನೋಡಿ ಓದುವುದಿಲ್ಲ. ನಿಮ್ಮ ಸಾಫ್ಟ್‌ವೇರ್ ತನ್ನಲ್ಲಿ ಏನೇನಿದೆ ಅಂತ ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸಬೇಕು: ಇದು ಬಟನ್, ಇದರ ಹೆಸರು "ರನ್", ಈಗ ಫೋಕಸ್ ಇಲ್ಲಿದೆ. ರೀಡರ್ ಅಲ್ಲಿಂದ ಎತ್ತಿಕೊಳ್ಳುತ್ತದೆ. ನಮ್ಮ ಮಾರ್ಕೆಟ್ ಯಾರ್ಡಿನ ಅಡತ್ ಅಂಗಡಿ ನೆನಪಿಸಿಕೊಳ್ಳಿ. ರೈತ ತೊಗರಿಯನ್ನು ಅಡತ್‌ನಲ್ಲಿ ಇಳಿಸುತ್ತಾನೆ, ಖರೀದಿದಾರರು ಯಾರೇ ಬಂದರೂ ಅಲ್ಲಿಂದಲೇ ಒಯ್ಯುತ್ತಾರೆ, ಒಬ್ಬೊಬ್ಬ ಖರೀದಿದಾರನ ಮನೆಗೂ ಚೀಲ ಹೊರುವವರು ಯಾರೂ ಇಲ್ಲ.

ಆ ಅಡತ್ ಅಂಗಡಿಗೆ ವಿಂಡೋಸ್‌ನಲ್ಲಿ ಯುಐ ಆಟೊಮೇಷನ್ ಅಂತ ಹೆಸರು, ಜೊತೆಗೆ ಹಳೆಯ ಎಂಎಸ್‌ಎಎ ಮತ್ತು ಬ್ರೌಸರುಗಳು ಬಳಸುವ ಐಆ್ಯಕ್ಸೆಸಿಬಲ್2 ಇವೆ. ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ. ನೀವು ಇಲ್ಲಿ ಸರಿಯಾಗಿ ಒಪ್ಪಿಸಿದರೆ ಎನ್‌ವಿಡಿಎ, ಜಾಸ್, ನರೇಟರ್ ಮೂರಕ್ಕೂ ಬಹುತೇಕ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಅಂದರೆ ರೀಡರ್ ಆಯ್ಕೆಗಿಂತ ಮುಂಚೆ ಟೂಲ್‌ಕಿಟ್ (ಕಿಟಕಿ, ಬಟನ್ ಕಟ್ಟಿಕೊಡುವ ಲೈಬ್ರರಿ) ಆಯ್ಕೆ ಬರುತ್ತದೆ. ಪೈಥಾನ್‌ನಲ್ಲಿ ಮಾಡುತ್ತಿದ್ದರೆ ಡಬ್ಲ್ಯುಎಕ್ಸ್‌ಪೈಥಾನ್ ತೆಗೆದುಕೊಳ್ಳಿ, ಅದು ವಿಂಡೋಸ್‌ನ ಸ್ವಂತ ಬಟನ್, ಪಟ್ಟಿಗಳನ್ನೇ ಬಳಸುತ್ತದೆ. ಎನ್‌ವಿಡಿಎಯ ಕಿಟಕಿಗಳೂ ಅದರಲ್ಲೇ ಇವೆ. ಕಾಲೇಜಿನಲ್ಲಿ ಎಲ್ಲರೂ ಕಲಿಯುವ ಟಿಕಿಂಟರ್ ಬೇಡ. ನಮ್ಮ ಕೈಗೆ ಸಿಗುವ ಆವೃತ್ತಿಗಳಲ್ಲಿ ಅದರ ಕಿಟಕಿ ರೀಡರ್‌ಗೆ ಮೂಗ. ಜಾವಾ ಸ್ವಿಂಗ್ ಆದರೆ ಬಳಕೆದಾರರ ಯಂತ್ರದಲ್ಲಿ ಜಾವಾ ಕಿಟಕಿಯ ವಿವರವನ್ನು ರೀಡರ್‌ಗೆ ದಾಟಿಸುವ ಜಾವಾ ಆ್ಯಕ್ಸೆಸ್ ಬ್ರಿಡ್ಜ್ ಚಾಲೂ ಇರಬೇಕು. ಅದನ್ನು ಹೇಗೆ ಚಾಲೂ ಮಾಡುವುದು ಅಂತ ನಿಮ್ಮ ಸಹಾಯ ಪುಟದಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ. ಬ್ರೌಸರಿನಲ್ಲಿ ಓಡುವ ಎಡಿಟರ್ ಆದರೆ ಕ್ಯಾನ್ವಾಸ್ ಮೇಲೆ ಅಕ್ಷರ ಬಿಡಿಸುವ ಲೈಬ್ರರಿಗಳನ್ನು ದೂರ ಇಡಿ. ಬ್ರೌಸರಿಗೆ ಕೋಡ್ ಎಡಿಟರ್ ಕೊಡುವ ಕೋಡ್‌ಮಿರರ್ ಲೈಬ್ರರಿಯ 5ನೇ ಆವೃತ್ತಿ ಇದ್ದರೆ 6ಕ್ಕೆ ಹೋಗಿ.

ಹೀಗೆ ಒಪ್ಪಿಸಿದ್ದು ಸರಿ ಇದೆಯಾ ಅಂತ ನೋಡಲು ಮೈಕ್ರೋಸಾಫ್ಟ್‌ನ ಆ್ಯಕ್ಸೆಸಿಬಿಲಿಟಿ ಇನ್‌ಸೈಟ್ಸ್ ಪುಕ್ಕಟೆ ಸಿಗುತ್ತದೆ. ಎನ್‌ವಿಡಿಎಯಲ್ಲೇ ಇನ್ಸರ್ಟ್ ಜೊತೆ ಎಫ್1 ಒತ್ತಿದರೂ ಆಗ ನಿಂತಿರುವ ವಸ್ತುವಿನ ಹೆಸರು, ಪಾತ್ರ, ಸ್ಥಿತಿ ಎಲ್ಲ ಲಾಗ್ ಕಿಟಕಿಯಲ್ಲಿ ಬರುತ್ತದೆ. ಹೆಸರಿನ ಮುಂದೆ ಖಾಲಿ ಇದ್ದರೆ ಅಲ್ಲೇ ನಿಮ್ಮ ದೋಷ.

ಹಂತ 4: ಪ್ರೋಗ್ರಾಮರ್ ಮಾಡುವ ಕೆಲಸಗಳ ಮೇಲೆ ಪರೀಕ್ಷಿಸಿ

ಮೆನು ಓದುತ್ತದೆ, ಬಟನ್ ಓದುತ್ತದೆ ಅಂದ ಮಾತ್ರಕ್ಕೆ ಕೋಡ್ ಬರೆಯಲು ಬರುತ್ತದೆ ಅಂತ ಅಲ್ಲ. ಒಂದು ಸಾಲು ತೆಗೆದುಕೊಳ್ಳಿ: ಎಕ್ಸ್ ಸೊನ್ನೆಗೆ ಸಮವಾ ಅಂತ ಕೇಳುವ ಇಫ್ ಸಾಲು, ಬ್ರಾಕೆಟ್ ಸಮೇತ, ಕೊನೆಗೆ ಕೋಲನ್. ಎನ್‌ವಿಡಿಎ ಹಾಕಿದ ಹೊಸದರಲ್ಲಿ ಚಿಹ್ನೆಗಳ ಮಟ್ಟ, ಅಂದರೆ ಎಷ್ಟು ಚಿಹ್ನೆಗಳನ್ನು ಬಾಯಿಬಿಟ್ಟು ಹೇಳಬೇಕು ಅನ್ನುವುದು, "ಸಮ್" ಅಂತ ಇರುತ್ತದೆ. ಆಗ ಅದು "ಇಫ್ ಎಕ್ಸ್ ಈಕ್ವಲ್ಸ್ ಈಕ್ವಲ್ಸ್ ಝೀರೋ" ಅನ್ನುತ್ತದೆ, ಬ್ರಾಕೆಟ್ ಇಲ್ಲ, ಕೋಲನ್ ಇಲ್ಲ. ಇನ್ಸರ್ಟ್ ಜೊತೆ ಪಿ ಒತ್ತಿ ಮಟ್ಟವನ್ನು "ಆಲ್" ಮಾಡಿದರೆ ಅದೇ ಸಾಲು "ಇಫ್ ಲೆಫ್ಟ್ ಪ್ಯಾರೆನ್ ಎಕ್ಸ್ ಈಕ್ವಲ್ಸ್ ಈಕ್ವಲ್ಸ್ ಝೀರೋ ರೈಟ್ ಪ್ಯಾರೆನ್ ಕೋಲನ್" ಆಗುತ್ತದೆ. ಅನುಭವ ಇದ್ದವರು ಇದನ್ನು ನಮಗೆ ಒಂದು ಪದವೂ ಅರ್ಥವಾಗದ ವೇಗದಲ್ಲಿ ಕೇಳಿಸಿಕೊಳ್ಳುತ್ತಾರೆ. ನೀವು ಪರೀಕ್ಷಿಸುವಾಗ ಎರಡೂ ಮಟ್ಟದಲ್ಲಿ ಕೇಳಿ, ಕೇಳಲು ಕಷ್ಟವಾದರೆ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ತೆರೆದಿಡಿ, ಅದು ಆಡಿದ ಮಾತೆಲ್ಲ ಅಕ್ಷರದಲ್ಲಿ ಬೀಳುತ್ತದೆ.

ಪೈಥಾನ್ ಬರೆಯುವವರಿಗೆ ಇನ್ನೊಂದು ತಾಪತ್ರಯ ಇಂಡೆಂಟೇಶನ್. ಎನ್‌ವಿಡಿಎ ಅದನ್ನು ಮಾತಿನಲ್ಲಿ ಹೇಳಬಲ್ಲದು, ಅಥವಾ ಒಳಕ್ಕೆ ಹೋದಷ್ಟೂ ಏರುವ ಸ್ವರದಲ್ಲಿ ಕೇಳಿಸಬಲ್ಲದು. ಆದರೆ ನಿಮ್ಮ ಎಡಿಟರ್ ಸಾಲಿನ ಮುಂದಿನ ಖಾಲಿ ಜಾಗವನ್ನು ನಿಜವಾದ ಸ್ಪೇಸ್ ಅಕ್ಷರಗಳಾಗಿ ರೀಡರ್‌ಗೆ ಕೊಡದೆ, ಬರೀ ಕಣ್ಣಿಗೆ ಕಾಣುವ ಅಂಚಾಗಿ ತೋರಿಸಿದರೆ ಈ ಸೌಲಭ್ಯ ದಂಡ.

ಉಳಿದ ಕೆಲಸಗಳನ್ನೂ ಪರದೆ ಆರಿಸಿ ಮಾಡಿ ನೋಡಿ. ಕೆಂಪು ಗೆರೆಗೆ ಧ್ವನಿ ಇಲ್ಲ, ಹಾಗಾದರೆ ತಪ್ಪು ಯಾವ ಸಾಲಿನಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ? ಆಟೊಕಂಪ್ಲೀಟ್ ಪಟ್ಟಿ ತೆರೆದದ್ದು ಕೇಳಿಸುತ್ತದಾ, ಬಾಣದ ಕೀ ಒತ್ತಿದಾಗ ಒಂದೊಂದು ಆಯ್ಕೆಯೂ ಕೇಳಿಸುತ್ತದಾ? ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಾಗ ಯಾವ ಸಾಲು ಅಂತ ಹೇಳುತ್ತದಾ? ಟ್ಯಾಬ್ ಒತ್ತಿ ಎಡಿಟರ್ ಒಳಗೆ ಹೋದವರು ಹೊರಗೆ ಬರುವುದು ಹೇಗೆ? ಮಾದರಿ ಬೇಕಾದರೆ ವಿಎಸ್ ಕೋಡ್ ನೋಡಿ. ಎಫ್8 ಒತ್ತಿದರೆ ಮುಂದಿನ ತಪ್ಪಿಗೆ ಹೋಗುತ್ತದೆ, ಆಲ್ಟ್ ಜೊತೆ ಎಫ್1 ಒತ್ತಿದರೆ ನಿಂತ ಜಾಗಕ್ಕೆ ತಕ್ಕ ಸಹಾಯ ಬರುತ್ತದೆ, ಕಂಟ್ರೋಲ್ ಜೊತೆ ಎಂ ಒತ್ತಿದರೆ ಟ್ಯಾಬ್ ಕೀ ಹೊರಗೆ ಹೋಗುವ ದಾರಿಯಾಗುತ್ತದೆ. ಇದನ್ನು ನಕಲು ಮಾಡಿದರೆ ಯಾರೂ ಬೈಯುವುದಿಲ್ಲ.

ಟರ್ಮಿನಲ್ ಟೂಲ್ ಮಾಡುವವರಿಗೆ ಒಂದು ಮಾತು. ಒಂದೇ ಸಾಲಿನಲ್ಲಿ ಗಿರಗಿರ ತಿರುಗುವ ಸ್ಪಿನ್ನರ್, ಶೇಕಡಾ ಲೆಕ್ಕ ಬದಲಾಗುತ್ತಲೇ ಇರುವ ಪಟ್ಟಿ ನಿಮಗೆ ಚೆಂದ, ಅವರಿಗೆ ತಲೆನೋವು. ಬದಲಾದಾಗಲೆಲ್ಲ ರೀಡರ್ ಮತ್ತೆ ಬಾಯಿ ತೆರೆಯುತ್ತದೆ. ಅದನ್ನು ಆರಿಸುವ ಆಯ್ಕೆ ಕೊಡಿ, ಮುಗಿದಾಗ ಒಂದು ಸಾಲು ಬರಲಿ ಸಾಕು.

ಹಂತ 5: ಸುಲಭ ಅನ್ನಿಸುವ ಅಡ್ಡದಾರಿಗಳನ್ನು ಬಿಡಿ

ಎನ್‌ವಿಡಿಎ ಒಂದು ಕಂಟ್ರೋಲರ್ ಲೈಬ್ರರಿ ಕೊಡುತ್ತದೆ, ಅದರಿಂದ ನಿಮ್ಮ ಸಾಫ್ಟ್‌ವೇರ್ ನೇರವಾಗಿ "ಇದನ್ನು ಮಾತಾಡು" ಅಂತ ಹೇಳಿಬಿಡಬಹುದು. ಒಂದು ಮಧ್ಯಾಹ್ನದಲ್ಲಿ ಎಲ್ಲ ಮಾತಾಡಲು ಶುರುವಾಗುತ್ತದೆ, ಡೆಮೊದಲ್ಲಿ ಚಪ್ಪಾಳೆ ಬೀಳುತ್ತದೆ. ನಾಳೆ ಜಾಸ್ ಬಳಸುವವರು ಬಂದರೆ ನಿಮ್ಮ ಆ್ಯಪ್ ಗಪ್‌ಚುಪ್. ಬ್ರೈಲ್ ಡಿಸ್‌ಪ್ಲೇಯಲ್ಲಿ ಓದುವವರಿಗೂ ಬಟನ್, ಪಟ್ಟಿಗಳು ಸಿಗುವುದಿಲ್ಲ. ಏನಾದರೂ ಘೋಷಿಸಲೇಬೇಕಾದರೆ ವಿಂಡೋಸ್ 10ರ 1709 ಆವೃತ್ತಿಯಿಂದ ಯುಐ ಆಟೊಮೇಷನ್‌ನಲ್ಲಿ ನೋಟಿಫಿಕೇಷನ್ ಈವೆಂಟ್ ಇದೆ, ವೆಬ್‌ನಲ್ಲಿ ಎಆರ್‌ಐಎ ಲೈವ್ ರೀಜನ್ (ಒಳಗಿನ ಅಕ್ಷರ ಬದಲಾದರೆ ರೀಡರ್ ತಾನೇ ಓದುವ ಜಾಗ) ಇದೆ. ಅವನ್ನು ಬಳಸಿ. ನಿಮ್ಮದೇ ಧ್ವನಿ ಎಂಜಿನ್ ಸೇರಿಸುವುದಂತೂ ಬೇಡವೇ ಬೇಡ, ಎರಡು ಬಾಯಿ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳುವುದಿಲ್ಲ.

ಕೀಗಳ ಬಗ್ಗೆ: ಇನ್ಸರ್ಟ್ ಮತ್ತು ಕ್ಯಾಪ್ಸ್‌ಲಾಕ್ ರೀಡರ್‌ಗಳ ಆಸ್ತಿ, ಮ್ಯಾಕ್‌ನಲ್ಲಿ ಕಂಟ್ರೋಲ್ ಮತ್ತು ಆಪ್ಷನ್ ಜೋಡಿ. ಅವನ್ನು ನಿಮ್ಮ ಶಾರ್ಟ್‌ಕಟ್‌ಗೆ ಮುಟ್ಟಬೇಡಿ. ವೆಬ್ ಪುಟದಲ್ಲಿ ಒಂದೇ ಅಕ್ಷರದ ಶಾರ್ಟ್‌ಕಟ್ ಇಟ್ಟರೆ ಅದು ರೀಡರ್‌ನ ಓಡಾಟದ ಕೀಗಳಿಗೆ ಅಡ್ಡ ಬರುತ್ತದೆ.

ಕನ್ನಡದಲ್ಲಿ ಸಹಾಯ ಪುಟ ಬರೆಯುವವರು ಯುನಿಕೋಡ್‌ನಲ್ಲೇ ಬರೆಯಿರಿ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಕನ್ನಡ, ರೀಡರ್‌ಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಎನ್‌ವಿಡಿಎ ಜೊತೆ ಬರುವ ಈಸ್ಪೀಕ್‌ನಲ್ಲಿ ಕನ್ನಡ ಧ್ವನಿ ಇದೆ, ಸ್ವಲ್ಪ ಯಂತ್ರದ ಹಾಗೆ ಕೇಳಿಸುತ್ತದೆ, ಆದರೆ ಕೆಲಸ ನಡೆಯುತ್ತದೆ.

ಹಂತ 6: ಬೆಂಬಲ ಅಂದರೆ ಏನು ಅಂತ ಬರೆದಿಡಿ

"ಸ್ಕ್ರೀನ್ ರೀಡರ್ ಬೆಂಬಲ ಇದೆ" ಅನ್ನುವ ಒಂದು ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ನಾನಾದರೆ ಮೂರು ಮಟ್ಟ ಮಾಡುತ್ತೇನೆ. ಮೊದಲನೆಯದು, ಪ್ರತಿ ಬಿಡುಗಡೆಗೆ ಮುಂಚೆ ಪರೀಕ್ಷಿಸುತ್ತೇವೆ, ಇದರಲ್ಲಿ ಕೆಟ್ಟರೆ ಬಿಡುಗಡೆ ನಿಲ್ಲುತ್ತದೆ. ಎರಡನೆಯದು, ದೊಡ್ಡ ಬದಲಾವಣೆ ಆದಾಗ ನೋಡುತ್ತೇವೆ, ದೂರು ಬಂದರೆ ಸರಿಪಡಿಸುತ್ತೇವೆ. ಮೂರನೆಯದು, ಓಡಬಹುದು, ನಾವು ನೋಡಿಲ್ಲ. ಸಣ್ಣ ತಂಡಕ್ಕೆ ಮೊದಲ ಮಟ್ಟದಲ್ಲಿ ಎನ್‌ವಿಡಿಎ ಒಂದೇ ಸಾಕು, ಎರಡನೆಯದರಲ್ಲಿ ಜಾಸ್ ಮತ್ತು ನರೇಟರ್. ಐದನ್ನೂ ಮೊದಲ ಮಟ್ಟದಲ್ಲಿ ಬರೆದು ಒಂದನ್ನೂ ನೆಟ್ಟಗೆ ನೋಡದಿರುವುದಕ್ಕಿಂತ ಇದು ಮೇಲು. ಪಕ್ಕದಲ್ಲಿ ಆವೃತ್ತಿ ಸಂಖ್ಯೆ, ವಿಂಡೋಸ್ ಆವೃತ್ತಿ, ಪರೀಕ್ಷಿಸಿದ ತಿಂಗಳು ಇರಲಿ. ಎನ್‌ವಿಡಿಎ ವರ್ಷಕ್ಕೆ ಕೆಲವು ಸಲ ಹೊಸದಾಗಿ ಬರುತ್ತದೆ, ವರ್ಷದ ಮೊದಲನೆಯದರಲ್ಲಿ, ಅಂದರೆ .1 ಇರುವುದರಲ್ಲಿ, ಹಳೆಯ ಆ್ಯಡ್‌ಆನ್‌ಗಳು (ಎನ್‌ವಿಡಿಎಗೆ ಬೇರೆಯವರು ಬರೆದು ಸೇರಿಸುವ ತುಣುಕುಗಳು) ಕೈಕೊಡಬಹುದು. ನಿಮ್ಮದು ಆ್ಯಡ್‌ಆನ್ ಆಗಿದ್ದರೆ ಆಗ ಮತ್ತೆ ಪರೀಕ್ಷಿಸಿ.

ಪರೀಕ್ಷೆಗೆ ನಿಜವಾಗಿ ಬಳಸುವವರನ್ನೇ ಕರೆಯಿರಿ. ಬೆಂಗಳೂರಿನ ಎನೇಬಲ್ ಇಂಡಿಯಾ, ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಅಂಧರಿಗೆ ಕಂಪ್ಯೂಟರ್ ತರಬೇತಿ ಕೊಡುತ್ತವೆ, ಅಲ್ಲಿ ಕಲಿತು ಊರಿಗೆ ಮರಳಿದವರು ಸಿಕ್ಕರೆ ಬಿಡಬೇಡಿ. ಬರೀ ಚಹಾ ಕುಡಿಸಿ ಕಳಿಸಬೇಡಿ, ಬೇರೆ ಟೆಸ್ಟರ್‌ಗೆ ಕೊಡುವಷ್ಟೇ ದುಡ್ಡು ಕೊಡಿ. ಇಷ್ಟೆಲ್ಲ ಯಾಕೆ ಅಂತ ಮಾಲೀಕರು ಕೇಳಿದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತೋರಿಸಿ. ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಭಾಗ ಅಂತ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ಹೇಳಿ.

ಹಂತ 7: ದೂರು ಬಂದಾಗ

"ಓದ್ತಾ ಇಲ್ಲ" ಅಂತ ಫೋನ್ ಬರುತ್ತದೆ. ರೀಡರ್ ಮತ್ತು ಅದರ ಆವೃತ್ತಿ, ಯಾವ ಕೀ ಒತ್ತಿದಾಗ, ಏನು ಕೇಳಬೇಕಿತ್ತು, ಏನು ಕೇಳಿಸಿತು, ಈ ನಾಲ್ಕು ಕೇಳಿ. ಆ್ಯಡ್‌ಆನ್‌ಗಳನ್ನು ಆರಿಸಿ ಮತ್ತೊಮ್ಮೆ ನೋಡಲು ಹೇಳಿ, ಎನ್‌ವಿಡಿಎಯನ್ನು ರೀಸ್ಟಾರ್ಟ್ ಮಾಡುವಾಗ ಆ ಆಯ್ಕೆ ಸಿಗುತ್ತದೆ. ಇನ್ನೊಂದು ರೀಡರ್‌ನಲ್ಲೂ ಅದೇ ತೊಂದರೆ ಬಂದರೆ ದೋಷ ಬಹುತೇಕ ನಿಮ್ಮದು. ಒಂದರಲ್ಲಿ ಮಾತ್ರ ಬಂದರೆ ಎರಡೂ ಕಡೆಯದಿರಬಹುದು, ಆಗ ಲಾಗ್ ಬೇಕು. ಲಾಗ್ ಮಟ್ಟವನ್ನು ಇನ್‌ಪುಟ್/ಔಟ್‌ಪುಟ್‌ಗೆ ಏರಿಸಲು ಹೇಳುವಾಗ ಒಂದು ಎಚ್ಚರಿಕೆ ಕೊಡಿ: ಆ ಮಟ್ಟದಲ್ಲಿ ಅವರು ಒತ್ತಿದ ಕೀಗಳೆಲ್ಲ ಕಡತದಲ್ಲಿ ದಾಖಲಾಗುತ್ತವೆ. ನಡುವೆ ಪಾಸ್‌ವರ್ಡ್ ಹೊಡೆದಿದ್ದರೆ ಅದೂ ಇರುತ್ತದೆ. ಲಾಗ್ ಶುರು ಮಾಡುವ ಮುಂಚೆಯೇ ಲಾಗಿನ್ ಆಗಿರಲಿ, ತೊಂದರೆ ಮರುಕಳಿಸಿದ ತಕ್ಷಣ ಮಟ್ಟ ಇಳಿಸಲಿ, ಕಳಿಸುವ ಮುಂಚೆ ಕಡತವನ್ನು ಒಮ್ಮೆ ತೆರೆದು ನೋಡಲಿ.